ಹೂ ಮುಡಿದವಳು

ಅಘನಾಶಿನಿ
೧೯ ಜನವರಿ ೨೦೨೪

ಭಟ್ಕಳದಲ್ಲಿರುವ ನಮ್ಮ ಮನೆಯವರಿಗೆ,

ನಿಮ್ಮ ಹೆಂಡತಿ ಭಾರತಿಯ ನಮಸ್ಕಾರ. ನಾನು ಕ್ಷೇಮ. ಕಾಗದ ಬರೆಯುವವರೆಲ್ಲ ಈ ಮಾತನ್ನು ಯೋಚಿಸದೆ ಬರೆಯುತ್ತಾರೆ, ನಾನು ಯೋಚಿಸಿಯೇ ಬರೆಯುತ್ತಿದ್ದೇನೆ. ಹೋದ ವಾರ ಟಿ.ವಿ.ಯಲ್ಲಿ ಸತ್ತವಳು ನಾನು. ಈಗ ಗಂಜಿ ಉಂಡು ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿರುವವಳೂ ನಾನೇ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ನನ್ನ ಮೊಬೈಲು ಹೊಳೆಯ ಪಾಲಾಯಿತು. ಪಕ್ಕದ ಮನೆಯಲ್ಲಿ ಕೇಳಿದರೆ ಕೊಡುತ್ತಾರೆ, ನಿಮ್ಮ ನಂಬರೂ ಬಾಯಿಪಾಠ ಇದೆ. ಆದರೆ ನಿಮ್ಮ ದನಿ ಕೇಳಿದರೆ ಒಂದೋ ಜಗಳ ಆಗುತ್ತದೆ, ಇಲ್ಲವೇ ಅಳು ಬರುತ್ತದೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕಿ ತಪ್ಪು ತೋರಿಸುವ ಹಾಗಿಲ್ಲ. ಓದಿ ಮುಗಿದ ಮೇಲೆ ಬೇಕಾದರೆ ತೋರಿಸಿ, ಬೇಡ ಎನ್ನುವುದಿಲ್ಲ.

ನಡೆದದ್ದು ಇಷ್ಟು. ಆ ಮಧ್ಯಾಹ್ನ ನೀರು ಇಳಿದಾಗ ನಾವು ಹೆಂಗಸರು ಹೊಳೆಯ ನಡುವಿನ ದಿಬ್ಬದಲ್ಲಿ ಕೆಸರಿನಿಂದ ಬಳಚು ಚಿಪ್ಪು ಆರಿಸುತ್ತಿದ್ದೆವು. ನಾವು ಚೀಲ ತುಂಬುವುದಕ್ಕೂ ನೀರು ಏರುವುದಕ್ಕೂ ಯಾವಾಗಲೂ ಪೈಪೋಟಿ. ವಾಪಸು ಬರುವಾಗ ಜಟ್ಟಿಯ ದೋಣಿಯಲ್ಲಿ ಚೀಲಗಳೇ ಹೆಚ್ಚಾಗಿದ್ದವು. ಸಮುದ್ರದಿಂದ ಅಳಿವೆ ದಾಟಿ ಒಳಗೆ ಬಂದ ದೊಡ್ಡ ಬೋಟಿನ ತೆರೆ ಅಡ್ಡಕ್ಕೆ ಹೊಡೆಯಿತು. ಚೀಲಗಳೆಲ್ಲ ಒಂದೇ ಮಗ್ಗುಲಿಗೆ ಸರಿದವು, ದೋಣಿ ಮಗುಚಿತು. ಜಟ್ಟಿ ನನ್ನ ಕೂದಲು ಹಿಡಿದು ಎಳೆದು ತಂದ. ಉಳಿದವರು ದೋಣಿಯ ಅಂಚು ಹಿಡಿದುಕೊಂಡು ಬಚಾವಾದರು. ಹೊನ್ನಿ ಮಾತ್ರ ಸಿಗಲಿಲ್ಲ.

ಹೊನ್ನಿ ನಿಮಗೆ ಗೊತ್ತಿಲ್ಲ. ನಿಮ್ಮನ್ನು ಬಿಟ್ಟು ನಾನು ತವರಿಗೆ ಬಂದ ಮೇಲೆ ಸಿಕ್ಕಿದ ಗೆಳತಿ. ನಿಮ್ಮ ಭಟ್ಕಳದ ಕಡೆಯ ಮುಟ್ಟಳ್ಳಿಯವಳು, ನಮ್ಮೂರಿಗೆ ಮದುವೆಯಾಗಿ ಬಂದಿದ್ದಳು. ಗಂಡ ಮೀನುಬೋಟಿನಲ್ಲಿ ತಿಂಗಳುಗಟ್ಟಲೆ ಸಮುದ್ರದ ಮೇಲಿರುವವನು. ಕೆಸರಿನಲ್ಲಿ ಕೆಲಸ ಮಾಡಲು ಹೋಗುವಾಗಲೂ ತಲೆಯಲ್ಲಿ ಅಬ್ಬಲಿಗೆ ದಂಡೆ ಇಲ್ಲದೆ ಹೊರಡುತ್ತಿರಲಿಲ್ಲ. ಬಳಚಿಗೆ ಹೂ ತೋರಿಸಬೇಕೇನೇ ಎಂದು ನಾವು ನಗಾಡಿದರೆ, "ಹೂವಿಲ್ಲದ ತಲೆ ಎಂತ ತಲೆಯೇ, ಸುಲಿದ ತೆಂಗಿನಕಾಯಿ" ಎಂದು ನನ್ನ ತಲೆಗೇ ತಟ್ಟುತ್ತಿದ್ದಳು. ಊರಲ್ಲಿ ಹೂ ಮುಡಿದವಳು ಎಂದರೆ ಹೊನ್ನಿ, ಹೆಸರು ಬೇಕಾಗಿರಲಿಲ್ಲ.

ಆ ಸಂಜೆ ನನ್ನನ್ನು ಕಂಬಳಿಯಲ್ಲಿ ಸುತ್ತಿ ರಾಜೀವನ ಅಂಗಡಿಯ ಒಳಗೆ ಕೂರಿಸಿದ್ದರು. ದಡದ ಹತ್ತಿರ ಇರುವುದು ಅದೊಂದೇ ಅಂಗಡಿ. ಗಂಡಸರೆಲ್ಲ ಬಲೆ, ದೋಣಿ ತೆಗೆದುಕೊಂಡು ಹೊನ್ನಿಯನ್ನು ಹುಡುಕುತ್ತಿದ್ದರು. ಅಂಗಡಿಯ ಟಿ.ವಿ. ತನ್ನಷ್ಟಕ್ಕೆ ಹಾಡುತ್ತಿತ್ತು. ಇದ್ದಕ್ಕಿದ್ದಂತೆ ಅದರಲ್ಲಿ ನನ್ನ ಮುಖ ಬಂತು, ಮುಖದ ಸುತ್ತ ಕೆಂಪು ಬಣ್ಣದ ಒಂದು ಉಂಗುರ, ಕೆಳಗೆ ನನ್ನದೇ ಹೆಸರು. ಹೊಳೆಗೆ ಬಲಿಯಾದ ಮಹಿಳೆ ಎಂದು ಓದುತ್ತಿದ್ದರು. ನಾನು ಬಿಸಿ ಚಾ ಹಿಡಿದುಕೊಂಡು ನನ್ನ ಸಾವಿನ ಸುದ್ದಿ ನೋಡಿದೆ.

ಆಗ ನನಗೆ ಏನಾಯಿತು ಗೊತ್ತೇ? ತಪ್ಪು ಹುಡುಕುವ ನಿಮ್ಮ ಅಭ್ಯಾಸ ಮೈಮೇಲೆ ಬಂತು. ಬಿರುಗಾಳಿ ಮಳೆಗೆ ದೋಣಿ ಮಗುಚಿತು ಎಂದರು, ಜನವರಿ ತಿಂಗಳಲ್ಲಿ ಯಾವ ಮಳೆ? ಅಣೆಕಟ್ಟಿನಿಂದ ನೀರು ಬಿಟ್ಟದ್ದೇ ಕಾರಣ ಎಂದರು, ನಮ್ಮ ಹೊಳೆಗೆ ಅಣೆಕಟ್ಟು ಎಲ್ಲಿದೆ? ಮೀನು ಹಿಡಿಯಲು ಹೋದವರು ಎಂದರು. ತೋರಿಸಿದ ದೋಣಿಗೆ ಎಂಜಿನ್ ಇತ್ತು, ಅದರಲ್ಲಿದ್ದ ಹೆಂಗಸರು ಕಿತ್ತಳೆ ಬಣ್ಣದ ಜಾಕೀಟು ಹಾಕಿದ್ದರು. ಆ ಜಾಕೀಟು ನಮ್ಮಲ್ಲಿ ಒಬ್ಬರಿಗಾದರೂ ಇದ್ದಿದ್ದರೆ ಸುದ್ದಿಯೇ ಆಗುತ್ತಿರಲಿಲ್ಲ. ಹೊನ್ನಿ ಇನ್ನೂ ನೀರಿನಲ್ಲಿದ್ದಾಳೆ, ನಾನು ಇಲ್ಲಿ ಕೂತು ತಪ್ಪು ಹೆಕ್ಕುತ್ತಿದ್ದೇನೆ ಎಂದು ಹೊಳೆದಾಗ ನನ್ನ ಮೇಲೇ ಹೇಸಿಗೆಯಾಯಿತು. ಅಂಥ ಹೊತ್ತಿನಲ್ಲಿ ಅಳಬೇಕಿತ್ತು.

ನನ್ನ ಮುಖ ಅಲ್ಲಿಗೆ ಹೋದದ್ದು ಹೇಗೆ ಎಂದು ಆಮೇಲೆ ತಿಳಿಯಿತು. ನಮ್ಮ ಹೆಂಗಸರ ಸಂಘದ ಬ್ಯಾನರು ರಾಜೀವನ ಅಂಗಡಿಯ ಗೋಡೆಗೆ ಕಟ್ಟಿದೆ. ಎಲ್ಲರೂ ಒಂದೇ ನಮೂನೆಯ ಹಸಿರು ಸೀರೆ ಉಟ್ಟು ನಿಂತ ಫೋಟೋ, ಪ್ರತಿ ಮುಖದ ಕೆಳಗೂ ಹೆಸರು. ಸುದ್ದಿಯವನು ಗಡಿಬಿಡಿಯಲ್ಲಿ ಬಂದು, ನೀರುಪಾಲಾದವಳು ಇದರಲ್ಲಿ ಯಾರು ಎಂದು ಕೇಳಿದನಂತೆ. ರಾಜೀವ ದೋಣಿಗೆ ಹಗ್ಗ ಹೊತ್ತು ಓಡುತ್ತಿದ್ದ. ತಿರುಗಿ ಕೂಡ ನೋಡದೆ, ಆ ಹೂ ಮುಡಿದದ್ದು ಎಂದನಂತೆ. ಊರಿನವರು ಯಾರಾದರೂ ಹಾಗೆಯೇ ಹೇಳುತ್ತಿದ್ದರು. ಆದರೆ ಫೋಟೋ ತೆಗೆಸಿದ ದಿನ ಹೊನ್ನಿ ನನ್ನ ಬೋಳು ತಲೆ ನೋಡಿ, ಬ್ಯಾನರಿನಲ್ಲಾದರೂ ಚೆಂದ ಕಾಣು ಎಂದು ತನ್ನ ದಂಡೆಯನ್ನು ಕಿತ್ತು ನನಗೆ ಮುಡಿಸಿದ್ದಳು. ಬೇಡ ಎಂದು ಕೊಸರಾಡಿದೆ, ಕೇಳಲಿಲ್ಲ. ಅಷ್ಟೂ ಹೆಂಗಸರಲ್ಲಿ ಹೂ ಇದ್ದದ್ದು ನನ್ನ ತಲೆಯಲ್ಲಿ ಮಾತ್ರ. ಸುದ್ದಿಯವನು ನನ್ನ ಮುಖವನ್ನೂ ಅದರ ಕೆಳಗಿದ್ದ ಹೆಸರನ್ನೂ ತೆಗೆದುಕೊಂಡು ಹೋದ.

ಮಾರನೇ ದಿನ ತಪ್ಪಾಯಿತು ಎಂದು ಕೆಳಗೆ ಒಂದು ಸಾಲು ಓಡಿಸಿದರಂತೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಷ್ಟರಲ್ಲಿ ಕತಗಾಲದ ನನ್ನ ಚಿಕ್ಕಮ್ಮ ಎದೆ ಬಡಿದುಕೊಂಡು ಬಂದು, ಬಾಗಿಲಲ್ಲಿ ನನ್ನನ್ನು ಕಂಡು ಅಲ್ಲೇ ಕುಸಿದಿದ್ದಳು. ನನ್ನ ಸಾವಿಗೆ ಅಳಲು ಬಂದವಳಿಗೆ ನಾನೇ ನೀರು ಕುಡಿಸಿದೆ. ಅದನ್ನು ನೆನೆದು ನಗಬಹುದು. ನಗಲಾರದ್ದು ಇನ್ನೊಂದಿದೆ. ಮುಟ್ಟಳ್ಳಿಯಲ್ಲಿ ಹೊನ್ನಿಯ ತಾಯಿ ಪಕ್ಕದ ಮನೆಯಲ್ಲಿ ಅದೇ ಸುದ್ದಿ ನೋಡಿದಳಂತೆ. ಮಗಳು ಹೋಗುವ ದೋಣಿಯೇ ಎಂದು ಗೊತ್ತಿತ್ತು, ಆದರೆ ಸತ್ತವಳು ಭಾರತಿ ಎಂದಿತ್ತಲ್ಲ. ಇಲ್ಲಿಂದ ಫೋನ್ ಮಾಡಿ ನಿಜ ಹೇಳಲು ಯಾರಿಗೂ ಧೈರ್ಯ ಸಾಲಲಿಲ್ಲ. ಆ ಮುದುಕಿ ನನಗಾಗಿ ಸ್ವಲ್ಪ ಅತ್ತು, ಮಗಳು ಉಳಿದಳು ಎಂದು ದೇವರ ಮುಂದೆ ಕಾಯಿ ಇಟ್ಟು, ನೆಮ್ಮದಿಯಾಗಿ ಮಲಗಿದಳಂತೆ. ಬೆಳಿಗ್ಗೆ ಯಾರೋ ಹೋಗಿ ಎಬ್ಬಿಸಿ ಹೇಳಬೇಕಾಯಿತು. ಸಿನೆಮಾದಲ್ಲಿ ತಪ್ಪಾದರೆ ನೀವು ನಗುತ್ತಿದ್ದಿರಿ, ನಾನೂ ನಗುತ್ತಿದ್ದೆ. ಈ ತಪ್ಪಿಗೆ ಏನು ಮಾಡಬೇಕು ಹೇಳಿ.

ಈಗ ನಿಮ್ಮ ವಿಷಯ. ನೀವು ಕೆಲಸ ಮಾಡುವ ಅಂಗಡಿಯಲ್ಲಿ ರಿಪೇರಿಯಾದ ಟಿ.ವಿ.ಗಳನ್ನೆಲ್ಲ ಗೋಡೆಗೆ ಸಾಲಾಗಿ ಇಟ್ಟು ಒಟ್ಟಿಗೆ ಹಚ್ಚಿಡುತ್ತೀರಂತೆ. ಹಾಗಾದರೆ ಆ ಸಂಜೆ ನಿಮ್ಮ ಎದುರಿಗೆ ನಾನು ಒಂದು ಟಿ.ವಿ.ಯಲ್ಲಿ ಅಲ್ಲ, ಎಲ್ಲದರಲ್ಲೂ ಒಟ್ಟಿಗೆ ಸತ್ತಿರಬೇಕು. ನೋಡಲಿಲ್ಲ ಎಂದು ಹೇಳಬೇಡಿ, ನೋಡದೆ ಇರುವ ಕಣ್ಣಲ್ಲ ನಿಮ್ಮದು. ಯಾರದಾದರೂ ಫೋನಿನಿಂದ ನಾನು ಬದುಕಿದ್ದೇನೆ ಎಂದು ನಿಮಗೆ ಹೇಳಬಹುದಿತ್ತು. ಬೇಕೆಂದೇ ಹೇಳಲಿಲ್ಲ. ಬರುತ್ತೀರೋ ಇಲ್ಲವೋ ನೋಡಬೇಕಿತ್ತು. ಕುಮಟೆಯಿಂದ ಬರುವ ಪ್ರತಿ ಬಸ್ಸಿನ ಸದ್ದಿಗೂ ಕಿವಿ ಹೋಗುತ್ತಿತ್ತು. ನೀವು ಬರಲಿಲ್ಲ.

ಮೊದಲು ಸಿಟ್ಟು ಬಂತು. ಆಮೇಲೆ ನಾನೇ ನಿಮ್ಮ ವಕೀಲಳಾದೆ. ಅವರು ನೋಡಿದ ಕೂಡಲೇ ತಪ್ಪು ಹಿಡಿದಿರುತ್ತಾರೆ, ಇಲ್ಲದ ಮಳೆ, ಇಲ್ಲದ ಅಣೆಕಟ್ಟು, ಇಷ್ಟು ಸುಳ್ಳಿನ ನಡುವೆ ಸಾವೂ ಸುಳ್ಳೇ ಎಂದು ತಿಳಿದಿರುತ್ತಾರೆ ಎಂದು ವಾದ ಮಾಡಿದೆ. ನನ್ನ ತಲೆಯ ಮೇಲಿನ ಹೂ ನೋಡಿ, ಇದು ನನ್ನ ಹೆಂಡತಿಯಲ್ಲ, ಅವಳು ಹೂ ಮುಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು ಎಂದು ಟಿ.ವಿ. ಆರಿಸಿರುತ್ತಾರೆ ಎಂದುಕೊಂಡೆ. ಅಲ್ಲಿಗೆ ಬಂದು ನನ್ನ ವಾದ ನಿಂತುಹೋಯಿತು. ಯಾಕೆಂದರೆ ನಾನು ಹೂ ಬಿಟ್ಟದ್ದನ್ನು ನೀವು ನೋಡಿಯೇ ಇಲ್ಲ.

ಹೊನ್ನಾವರದ ಟಾಕೀಸಿನಲ್ಲಿ ನೀವು ಆಪರೇಟರ್ ಆಗಿದ್ದ ದಿನಗಳು ನೆನಪಾಗುತ್ತವೆ. ಮದುವೆಯಾದ ಹೊಸದರಲ್ಲಿ ಮಧ್ಯಾಹ್ನದ ಊಟ ತಂದ ನೆಪದಲ್ಲಿ ನಾನು ಮೆಷಿನ್ ಕೋಣೆಯ ಕಿಂಡಿಯಿಂದ ಸಿನೆಮಾ ನೋಡುತ್ತಿದ್ದೆ. ಒಂದೇ ಸಿನೆಮಾವನ್ನು ದಿನಕ್ಕೆ ನಾಲ್ಕು ಸಲ ನೋಡುವ ನಿಮಗೆ ಕಥೆ ಬೇಡವಾಗಿತ್ತು, ಸಂದಿಗೊಂದಿ ಬೇಕಿತ್ತು. ರಾಣಿಯ ತೋಳಿನಲ್ಲಿ ಸಿಡುಬಿನ ಚುಚ್ಚುಮದ್ದಿನ ಗುರುತು ತೋರಿಸಿದ್ದು ನೀವು. ಕುರುಡಿ ತಾಯಿ ಮಗನ ಅಂಗಿಗೆ ಗುಂಡಿ ಹಚ್ಚುವಾಗ ಸೂಜಿಗೆ ದಾರ ಪೋಣಿಸಿದ್ದು ಯಾರು ಎಂದು ಕೇಳಿದ್ದು ನೀವು. ಹೊಳೆಗೆ ಬಿದ್ದು ಎದ್ದ ನಾಯಕಿಯ ಕಾಡಿಗೆ, ಕುಂಕುಮ ಹಾಗೇ ಇರುವುದನ್ನು ನೋಡಿ, ಆ ಕುಂಕುಮ ಎಲ್ಲಿ ಸಿಗುತ್ತದೆ ಕೇಳಿ ತಾ ಎಂದು ನನ್ನನ್ನು ಕಾಡಿಸಿದ್ದೂ ನೀವೇ. ನಾನು ಬಾಯಿಗೆ ಸೆರಗು ತುರುಕಿ ನಗುತ್ತಿದ್ದೆ. ಇಂಥ ಕಣ್ಣಿನವನು ನನ್ನ ಗಂಡ ಎಂದು ಹೆಮ್ಮೆಯಿತ್ತು.

ಆಮೇಲೆ ಹೊಟ್ಟೆಯಲ್ಲಿದ್ದ ಮಗು ಆರು ತಿಂಗಳಿಗೇ ಹೋಯಿತಲ್ಲ. ಆಸ್ಪತ್ರೆಯಿಂದ ಬಂದ ದಿನದಿಂದ ನಾನು ಹೂ ಮುಡಿಯಲಿಲ್ಲ. ಶಪಥ ಏನೂ ಅಲ್ಲ, ಕೈ ಹೋಗಲಿಲ್ಲ ಅಷ್ಟೇ. ನೀವು ಒಂದು ದಿನ ಕೇಳುತ್ತೀರಿ, ಆಗ ಅಳುತ್ತೇನೆ ಎಂದು ಕಾದೆ. ನೀವು ಕೇಳಲಿಲ್ಲ. ನೀವೂ ಮಗುವಿನ ಮಾತು ಎತ್ತಲಿಲ್ಲ, ಟಾಕೀಸಿಗೆ ಹೋದಿರಿ, ಬಂದಿರಿ, ಉಂಡಿರಿ. ಆಮೇಲೊಂದು ಸಂಜೆ ಅದೇ ಕಿಂಡಿಯ ಹತ್ತಿರ ನನ್ನನ್ನು ಕರೆದು, ನಾಯಕಿಯ ಮಲ್ಲಿಗೆ ಎಡಗಡೆ ಇದ್ದದ್ದು ಬಾಗಿಲು ದಾಟುವಾಗ ಬಲಗಡೆಗೆ ಹೋಯಿತು ನೋಡು ಎಂದು ತೋರಿಸಿದಿರಿ. ನಾನು ನಿಮ್ಮ ಮುಖ ನೋಡಿದೆ. ಪರದೆಯ ಮೇಲಿನವಳ ಹೂ ಒಂದು ಗೇಣು ಸರಿದದ್ದು ಇವರಿಗೆ ಕಾಣುತ್ತದೆ, ಪಕ್ಕದಲ್ಲಿ ನಿಂತವಳ ತಲೆ ಬೋಳಾದದ್ದು ಕಾಣುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ? ಅವತ್ತು ನನ್ನೊಳಗೆ ಏನೋ ಮುರಿಯಿತು. ಟಾಕೀಸು ಮುಚ್ಚಿದ್ದು, ನಿಮ್ಮ ಸಿಟ್ಟು, ಸಾರಿಗೆ ಉಪ್ಪು ಹೆಚ್ಚು ಕಡಿಮೆ ಎಂಬ ಜಗಳ, ಅದೆಲ್ಲ ಆಮೇಲೆ ಬಂತು. ನಾನು ಮನೆ ಬಿಟ್ಟು ಬಂದದ್ದು ಅದಕ್ಕಲ್ಲ. ಯಾಕೆ ಬಂದೆ ಎಂದು ನಿಮಗೆ ಇವತ್ತಿನವರೆಗೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಹೊನ್ನಿ ಸಿಕ್ಕಿದ್ದು ಮಾರನೇ ದಿನ. ಬೆಳಿಗ್ಗೆ ನೀರು ಇಳಿದಾಗ ನಾವು ಹೆಂಗಸರೇ ದಿಬ್ಬಕ್ಕೆ ಹೋಗಿ ಹುಡುಕಿದೆವು. ನೀನು ಬರಬೇಡ ಎಂದು ಎಲ್ಲರೂ ಹೇಳಿದರು, ನಾನು ಕೇಳಲಿಲ್ಲ. ಬಳಚು ಹುಡುಕುವ ಹಾಗೆಯೇ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಕೈಯಾಡಿಸುತ್ತ ಹೋದೆವು. ಅದೇ ಕೈ, ಅದೇ ಕೆಲಸ, ಸಿಗದಿರಲಿ ದೇವರೇ ಎಂದು ಬೇಡಿಕೊಂಡು ಹುಡುಕಿದ್ದು ಅದೊಂದೇ ಸಲ. ಕಾಂಡ್ಲ ಗಿಡಗಳ ಬೇರಿನಲ್ಲಿ ಸಿಕ್ಕಿಕೊಂಡಿದ್ದಳು. ಮುಖದಲ್ಲಿ ಕುಂಕುಮ ಇರಲಿಲ್ಲ. ತಲೆಯಲ್ಲಿ ಒಂದು ಹೂವೂ ಇರಲಿಲ್ಲ, ಹೂ ಕಟ್ಟಿದ ಬಾಳೆನಾರು ಮಾತ್ರ ಜಡೆಗೆ ಸುತ್ತಿಕೊಂಡಿತ್ತು. ನಾನು ಅದನ್ನು ಬಿಡಿಸಲಿಲ್ಲ, ಹಾಗೆಯೇ ಇರಲಿ ಎಂದೆ.

ದಡಕ್ಕೆ ತಂದು ಚಾಪೆಯ ಮೇಲೆ ಮಲಗಿಸಿದಾಗ ಯಾರೋ ಭಟ್ಕಳ ಮಲ್ಲಿಗೆಯ ದೊಡ್ಡ ಹಾರ ಹಾಕಿದರು. ಅಷ್ಟು ಒತ್ತಾಗಿ ಕಟ್ಟಿದ ಮಲ್ಲಿಗೆ ನಮ್ಮ ಕಡೆ ಸಿಗುವುದಿಲ್ಲ. ಮುಟ್ಟಳ್ಳಿಯವರು ತಂದಿರಬೇಕು ಎಂದುಕೊಂಡೆ. ಮುಟ್ಟಳ್ಳಿಯವರ ರಿಕ್ಷಾ ಬಂದದ್ದು ಹಾರ ಹಾಕಿ ಆದ ಮೇಲೆ ಎಂದು ಆಗ ಹೊಳೆಯಲಿಲ್ಲ. ಅಂತೂ ಹೂವಿಲ್ಲದೆ ಹೊನ್ನಿ ಹೋಗಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವಳ ತಾಯಿ ಬಂದು ಮೊದಲು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬದುಕಿದ್ದೀಯಲ್ಲ ಮಗಾ ಎಂದಳು. ಆ ಮಾತಿನಲ್ಲಿ ಎಷ್ಟು ಪ್ರೀತಿ ಇತ್ತು, ಎಷ್ಟು ಸಂಕಟ ಇತ್ತು ಎಂದು ಬೇರೆ ಮಾಡಿ ಹೇಳಲಾರೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಿಮ್ಮಲ್ಲಿ ನಾನು ಕೇಳುವುದು ಒಂದೇ. ತಪ್ಪು ಹಿಡಿದಿರಿ ಎಂದೇ ಇಟ್ಟುಕೊಳ್ಳೋಣ. ನಾನು ಸತ್ತಿಲ್ಲ ಎಂದು ನಿಮಗೆ ಖಾತ್ರಿಯೇ ಆಗಿತ್ತು ಎಂದುಕೊಳ್ಳೋಣ. ಆದರೂ ಒಮ್ಮೆ ಬಂದು ನೋಡಬೇಕು ಎಂದು ಕಾಲು ಎಳೆಯಲಿಲ್ಲವೇ? ಎಳೆಯಲಿಲ್ಲ ಎಂದಾದರೆ ಅದನ್ನು ಎರಡು ಸಾಲಿನಲ್ಲಿ ಬರೆದುಬಿಡಿ. ನಾನು ಬಸ್ಸಿನ ಸದ್ದಿಗೆ ಕಿವಿ ಕೊಡುವುದನ್ನು ಬಿಡುತ್ತೇನೆ. ಸಿಟ್ಟಿನಿಂದ ಹೇಳುತ್ತಿಲ್ಲ, ಸುಸ್ತಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಟಿ.ವಿ. ಬಿಚ್ಚುವಾಗ ವಯರು ತೆಗೆಯಲು ಮರೆಯಬೇಡಿ.

ಇತಿ,
ಸುದ್ದಿಯವರ ಲೆಕ್ಕಕ್ಕೆ ಇಲ್ಲದ ನಿಮ್ಮ
ಭಾರತಿ

ತಾ.ಕ.: ಈ ಕಾಗದವನ್ನು ಆ ದಿನ ಪೋಸ್ಟಿಗೆ ಹಾಕಲಿಲ್ಲ. ಹಾಕದೆ ಇದ್ದದ್ದು ಒಳ್ಳೆಯದಾಯಿತು, ಅಥವಾ ಕೆಟ್ಟದಾಯಿತು, ನನಗೆ ತಿಳಿಯುತ್ತಿಲ್ಲ.

ಇವತ್ತು ದೋಣಿಗಳು ಮತ್ತೆ ಹೊರಟವು. ಜಟ್ಟಿ ಮೊದಲಿನ ಹಾಗೆ ಹಾಡು ಹೇಳುವುದಿಲ್ಲ, ಚೀಲ ಎರಡು ಹೆಚ್ಚಾದರೂ ಬೈಯುತ್ತಾನೆ. ದೋಣಿಯಲ್ಲಿ ಏನೋ ಮಾತು ಬಂದು, ನನ್ನ ಗಂಡ ನನ್ನ ಸತ್ತ ಮುಖ ನೋಡಲೂ ಬರಲಿಲ್ಲ ಎಂದುಬಿಟ್ಟೆ. ಜಟ್ಟಿ ಬಿದಿರಿನ ಜಲ್ಲೆ ಊರುವುದನ್ನು ನಿಲ್ಲಿಸಿದ. "ಬಂದಿದ್ರು ಮಾರಾಯ್ತಿ. ಹೇಳ್ಬೇಡ ಅಂದಿದ್ರು, ಅದ್ಕೆ ಹೇಳ್ಲಿಲ್ಲ" ಎಂದ.

ಹೊನ್ನಿಯನ್ನು ಹುಡುಕಿದ ಆ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿರಂತೆ, ಕೈಯಲ್ಲಿ ಮಲ್ಲಿಗೆ ಹಾರ ಹಿಡಿದು. ಎಲ್ಲಿ ಮಲಗಿಸಿದ್ದಾರೆ ಎಂದು ಕೇಳಿದಿರಂತೆ. ನೀವು ಹೊನ್ನಿಯನ್ನು ಕೇಳುತ್ತೀರಿ ಎಂದು ಜಟ್ಟಿ ತಿಳಿದು, ಇನ್ನೂ ಸಿಗಲಿಲ್ಲ, ಹುಡುಕುತ್ತಿದ್ದಾರೆ ಎಂದು ದಿಬ್ಬದ ಕಡೆ ಕೈ ತೋರಿಸಿದನಂತೆ. ಅಷ್ಟು ದೂರದಿಂದ ನಮ್ಮ ಮುಖ ಕಾಣುವುದಿಲ್ಲ. ಎಲ್ಲರ ತಲೆಗೂ ಬಟ್ಟೆ, ಎಲ್ಲರ ಮೈಗೂ ಕೆಸರು, ಎಲ್ಲರೂ ಬಗ್ಗಿದವರೇ. ನೀವು ನೋಡುತ್ತ ನಿಂತಿರಂತೆ. ನೋಡುತ್ತ ನೋಡುತ್ತ ಮರಳಿನ ಮೇಲೆ ಕೂತು, ಹೆಂಗಸರ ಹಾಗೆ ಅತ್ತಿರಂತೆ. ಸಾಯಲಿಲ್ಲ, ಅಗೋ ಅಲ್ಲಿದೆ ಎಂದಿರಂತೆ. ಅದೇ ಭಾರತಿ ಎಂದು ಹೇಗೆ ಗೊತ್ತಾಯಿತು ಎಂದು ಜಟ್ಟಿ ಕೇಳಿದ್ದಕ್ಕೆ ನೀವು ಹೇಳಿದ್ದನ್ನು ಅವನು ಹೇಳಿದ ಹಾಗೆಯೇ ಬರೆಯುತ್ತೇನೆ: "ಬಗ್ಗಿ ಏಳುವಾಗ ಎಡಗೈ ಸೊಂಟಕ್ಕೆ ಕೊಡ್ತದೆ ನೋಡು, ಬಸುರಿ ಹೆಂಗಸಿನ ಹಾಂಗೆ. ಮಗು ಹೋದ ಮೇಲೂ ಅದಕ್ಕೆ ಆ ಕೈ ತೆಗೀಲಿಕ್ಕೆ ಆಗಲಿಲ್ಲ. ನಾ ದಿನಾ ನೋಡ್ತಿದ್ದೆ. ನೋಡಿ ಎಂತ ಹೇಳೂದು?"

ದೋಣಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದರೂ ಬರಲಿಲ್ಲವಂತೆ. ಬದುಕಿತಲ್ಲ, ಆತು ಎಂದಿರಂತೆ. ಹಾರವನ್ನು ಅವನ ಕೈಗೆ ಕೊಟ್ಟು, ಸಿಕ್ಕಿದವಳಿಗೆ ಹಾಕು ಎಂದು ಬಸ್ಸು ಹತ್ತಿದಿರಂತೆ. ಹೊನ್ನಿಯ ಎದೆಯ ಮೇಲಿದ್ದದ್ದು ನೀವು ನನಗೆಂದು ತಂದ ಹೂ. ಎದುರಿಗೇ ಇದ್ದದ್ದು ನನಗೆ ಕಾಣಲಿಲ್ಲ.

ಮೇಲೆ ಬರೆದದ್ದನ್ನು ಒಂದೂ ಹೊಡೆದುಹಾಕುತ್ತಿಲ್ಲ, ನನ್ನ ತಪ್ಪುಗಳನ್ನೂ ನೀವು ನೋಡಿ. ಹೊನ್ನಿಯ ತಾಯಿ ಮಗಳದೇ ಮುಖ ಇರುವ ಫೋಟೋಕ್ಕೆ ಕಟ್ಟು ಹಾಕಿಸಿ ಇಲ್ಲಿಗೆ ಕಳಿಸಿದ್ದಾಳೆ. ಅದಕ್ಕೊಂದು ಹಾರ ಬೇಕು, ತನ್ನಿ. ಈ ಸಲ ದಡದಲ್ಲೇ ನಿಂತು ಹೋಗಬೇಡಿ.

ಇಷ್ಟು ಬರೆದು ಲಕೋಟೆ ತರಲು ಎದ್ದೆ. ಎಡಗೈ ಸೊಂಟದ ಮೇಲಿತ್ತು. ನನಗೆ ಗೊತ್ತೇ ಇರಲಿಲ್ಲ.